ಮಾಡದೊಳಗಿನ ಒಂಟಿ ಎತ್ತು

"ಯಾವ ಮಣ್ಣು ಕೊಟ್ಟಿ ಅಮರಮ್ಮಾ? ನೆಟ್ಟಗ ಹೇಳು. ಲ್ಯಾಬಿನವ್ರು ಬಂದಾಗ ಅವರ ಚೀಲದಾಗ ಯಾವ ಮಣ್ಣು ತುಂಬಿದಿ?"

"ಹೊಲದ್ದಽ ತುಂಬೀನ್ರಿ ಅಕ್ಕಾ."

"ಹೊಲದಾಗ ಎಲ್ಲಿಂದು?"

ಮಲ್ಲಟ ಹಳ್ಳಿಯ ತನ್ನ ಮನೆಯ ಪಡಸಾಲೆಯಲ್ಲಿ ಅಮರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಅವಳ ಗಂಡನ ಕೇಸು ಹಿಡಿದಿದ್ದ ಪತ್ತೇದಾರಿಣಿ ಆತಿಯಾ ಕೈಯಲ್ಲಿದ್ದ ಸರ್ಕಾರಿ ವರದಿಯನ್ನು ಮಡಚಿ ಗಾಳಿ ಬೀಸಿಕೊಂಡಳು. ಅದು ಇನ್ಯಾವ ಕೆಲಸಕ್ಕೂ ಬರುವಂತಿರಲಿಲ್ಲ. ಸೀಸ, ಮಿತಿಯೊಳಗಿದೆ. ನಿಕ್ಕಲ್, ಮಿತಿಯೊಳಗಿದೆ. ಕ್ಯಾಡ್ಮಿಯಂ, ಮಿತಿಯೊಳಗಿದೆ. ಯಾವ ಹೊಲದಲ್ಲಿ ಮೇದ ಕುರಿಗಳು ಕಂದು ಹಾಕಿದ್ದವೋ, ಯಾವ ಹೊಲದಲ್ಲಿ ಮೆಣಸಿನ ಸಸಿ ಮುರುಟಿ ಸತ್ತಿತ್ತೋ, ಅದೇ ಹೊಲದ ಮಣ್ಣು ಕಾಗದದ ಮೇಲೆ ಕೂಸಿಗೆ ತಿನ್ನಿಸುವಷ್ಟು ಶುದ್ಧವಾಗಿತ್ತು.

ರಾಯಚೂರಿನ ಕೊಳಚೆ ನೀರಿನ ಪ್ಲಾಂಟಿನ ಕೆಮಿಸ್ಟ್ ವೆಂಕೋಬ, ಕೆಸರು ಒಣಗಿಸುವ ಕಟ್ಟೆಯಲ್ಲಿ ತಲೆಯೊಡೆದು ಸತ್ತು ತಿಂಗಳಾಗುತ್ತ ಬಂದಿತ್ತು. ಕೊಂದವನೆಂದು ಅಮರಮ್ಮನ ಗಂಡ ತಾಯಪ್ಪ ಜೈಲಿನಲ್ಲಿದ್ದ.

ಪೊಲೀಸರ ಲೆಕ್ಕ ಸರಳವಾಗಿತ್ತು. 'ವೆಂಕೋಬ ಸಾರು ತಾವಾಗಿಯೇ ನಮ್ಮೂರಿಗೆ ಬಂದು, ಈ ಗೊಬ್ಬರದಾಗ ವಿಷ ಅದ ಅಂತ ಹೇಳಿದ್ರು, ನಾವಿಬ್ರೂ ಕೂಡಿ ಕಂಪ್ಲೇಂಟ್ ಕೊಡೋರಿದ್ವಿ' ಎನ್ನುತ್ತಾನೆ ತಾಯಪ್ಪ. ಮಣ್ಣಿನಲ್ಲಿ ವಿಷವಿಲ್ಲ ಎನ್ನುತ್ತದೆ ವರದಿ. ವಿಷವಿಲ್ಲದಿದ್ದರೆ ವೆಂಕೋಬ ಮಲ್ಲಟಕ್ಕೆ ಯಾಕೆ ಬರುತ್ತಾನೆ? ಬಂದಿಲ್ಲ. ಹಾಗಾದರೆ ತಾಯಪ್ಪ ಸುಳ್ಳುಗಾರ. ಸುಳ್ಳುಗಾರನಾದರೆ ಕೊಲೆಗಾರ. ಸಾವಿನ ಹಿಂದಿನ ದಿನ ಅವನು ಪ್ಲಾಂಟಿನ ಗೇಟಿನ ಮುಂದೆ ನಿಂತು ಕೂಗಾಡಿದ್ದನ್ನು ಕಂಡವರೂ ಇದ್ದರು.

"ಬಾಯಿ ಬಿಡು ಅಮರಮ್ಮಾ."

"ಸಾಹೇಬ್ರು ಬಿಳಿ ಅಂಗಿ ಹಾಕ್ಕೊಂಡು ಬಂದಿದ್ರಿ ಅಕ್ಕಾ. ಕೆಸರಾಗ್ತದಂತ ಹೊಲಕ್ಕ ಇಳೀಲಿಲ್ಲ. ಇಲ್ಲೇ ಕಟ್ಟಿ ಮ್ಯಾಲೆ ಕುಂತು, ಒಂದೀಟು ಮಣ್ಣು ತಗೊಂಡು ಬಾರವ್ವ ಅಂದ್ರು. ಮನಿಗೆ ಬಂದೋರ ಕೈಗೆ ಆ ಗಟಾರದ ಹೇಲುಮಣ್ಣು ಹೆಂಗ ಕೊಡ್ಲಿ? ಬನ್ನಿಗಿಡದ ಬುಡಕ, ಎಳ್ಳಮಾಸಿಗೆ ಭೂಮಿತಾಯಿಗೆ ಚರಗ ಚೆಲ್ಲೋ ಜಾಗದಾಗಿಂದು, ಚಲೋ ಮಣ್ಣು ತಂದು, ಕಲ್ಲು ಆರಿಸಿ, ಸಾಣಿಸಿ ಕೊಟ್ಟೆ."

"ಸಾಣಿಸಿ?"

"ಜರಡೀಲೆ. ಹಿಟ್ಟಿನಂಗ ಆಗಿತ್ರಿ."

ಆತಿಯಾ ಕಣ್ಣು ಮುಚ್ಚಿಕೊಂಡಳು. ವಿಮಾ ಕಂಪನಿಗಳ ಪರವಾಗಿ ವರ್ಷಗಟ್ಟಲೆ ಸತ್ತವರ ಮನೆ ಸುತ್ತಿದವಳು ಆಕೆ. ಸುಳ್ಳು ಹೇಳುವವರು, ಅಳುವವರು, ಬಡಿಗೆ ಹಿಡಿದು ಓಡಿಸುವವರು, ಎಲ್ಲರನ್ನೂ ಕಂಡಿದ್ದಳು. ಗಂಡನನ್ನು ಉಳಿಸುವ ಸಾಕ್ಷಿಯನ್ನು ಮರ್ಯಾದೆಗಾಗಿ ಜರಡಿ ಹಿಡಿದವಳನ್ನು ಮಾತ್ರ ಕಂಡಿರಲಿಲ್ಲ.

"ಯಾ ಅಲ್ಲಾ! ಅಮರಮ್ಮಾ, ಅದು ಸಾಹೇಬ್ರಿಗೆ ಉಣ್ಣಾಕ ಕೊಡೋದಾಗಿರಲಿಲ್ಲ ತಾಯೀ! ಹೊಲಸು ಅದನೋ ಇಲ್ಲೋ ನೋಡಾಕ ಕೇಳಿದ್ರು!"

"ನನಗ್ಯಾರು ಹೇಳ್ಯಾರ್ರಿ?"

ಕಟ್ಟೆಯ ಮೇಲೆ ಚಹಾ ಕುಡಿದು ಎದ್ದು ಹೋದ ಬಿಳಿ ಅಂಗಿಗಳ ಮೇಲಿನ ಸಿಟ್ಟನ್ನು ಈ ಹೆಂಗಸಿನ ಮೇಲೆ ಯಾಕೆ ಕಾರಬೇಕು?

ಮತ್ತೆ ಮಣ್ಣು ತೆಗೆಯೋಣವೆಂದರೆ ಹೊಲದಲ್ಲಿ ಆ ಮಣ್ಣೇ ಇರಲಿಲ್ಲ. ರಾಯಚೂರು ಪ್ಲಾಂಟಿನ ಒಣಕೆಸರನ್ನು ಎತ್ತಿ ರೈತರ ಹೊಲಕ್ಕೆ ಪುಕ್ಕಟೆ ಗೊಬ್ಬರವೆಂದು ಸುರಿಯುವ ಗುತ್ತಿಗೆ ದೇವದುರ್ಗದ ಸುಭಾಷನದು. ತಾಯಪ್ಪ ಜೈಲಿಗೆ ಹೋದ ವಾರದಲ್ಲೇ, ಲ್ಯಾಬಿನವರು ಬಂದು ಹೋದ ಬೆನ್ನಿಗೆ ಆತ ಜೆಸಿಬಿ ಕಳಿಸಿ, 'ಪಾಪ, ಒಂಟಿ ಹೆಣ್ಣುಮಗಳು' ಎಂದು ಮೇಲ್ಮಣ್ಣೆಲ್ಲ ಕೆರೆಸಿ, ಕೆಮ್ಮಣ್ಣು ಹೊಡೆಸಿ ಪುಣ್ಯ ಕಟ್ಟಿಕೊಂಡಿದ್ದ. ಮೇಲೆ ಕಾಲುವೆ ನೀರು ಬಂದು, ಈಗ ಭತ್ತದ ನಾಟಿಯೂ ಮುಗಿದಿತ್ತು.

ನೀರು ಕುಡಿಯಲು ಚೊಂಬೆತ್ತಿದಾಗ ಆತಿಯಾಳ ಕಣ್ಣು ಗೋಡೆಯ ಮಾಡಕ್ಕೆ ಹೋಯಿತು. ದೀಪದ ಪಕ್ಕ, ಕುಂಕುಮ ಹಚ್ಚಿಸಿಕೊಂಡು, ಮಣ್ಣಿನ ಎರಡು ಎತ್ತುಗಳು ನಿಂತಿದ್ದವು.

"ಮಣ್ಣೆತ್ತಿನ ಅಮಾಸಿ ಆಗಿ ಎಷ್ಟು ದಿನ ಆತು? ಇನ್ನೂ ಇಟ್ಟೀಯಲ್ಲ?"

"ಮರುದಿನ, ಕರಿ ದಿನ, ಬನ್ನಿಗಿಡದ ಬುಡಕ ಇಟ್ಟು ಬರೋದು ಮನಿ ಗಂಡಸಿನ ಕೆಲಸ್ರಿ. ಅವತ್ತಽ ಅವರನ್ನ ಒಯ್ದ್ರಲ್ಲ. ಅವರು ಬರೋತನಕ ಇವು ಇಲ್ಲೇ."

"ಮಾಡಿದ್ಯಾರು?"

"ಅವರಽ. ಅಮಾಸಿ ದಿನ ನನ್ನ ತಂಗಿಗೆ ಹೆರಿಗಿ ಬ್ಯಾನಿ ಎದ್ದು ನಾ ತವರಿಗೆ, ಹಿರೇಕೊಟ್ನೆಕಲ್‌ಗೆ ಹೋಗಿದ್ದೆ. ಬರೋದ್ರಾಗ ಮಾಡಿಟ್ಟಿದ್ರು." ಅಮರಮ್ಮ ತಿಂಗಳ ಮೇಲೆ ಮೊದಲ ಸಲ ನಕ್ಕಳು. "ಒಂದು ಎತ್ತಾಗ್ಯಾದ, ಇನ್ನೊಂದು ಕತ್ತಿ ಆಗ್ಯಾದ. ನೋಡ್ರಿ ಬೇಕಂದ್ರ."

ನಿಜ. ಒಂದಕ್ಕೆ ಕೋಡು, ಬಾಲ, ಗೊರಸು ಎಲ್ಲ ಅಚ್ಚುಕಟ್ಟು. ಇನ್ನೊಂದು ಸೊಟ್ಟ ಕಾಲಿನ, ಡುಬ್ಬದ ಮೇಲೆ ಯಾರೋ ಒತ್ತಿ ಹಿಡಿದಂತೆ ಕುಳಿಬಿದ್ದ, ಕತ್ತೆಯಂಥ ಬಡಪಾಯಿ ಪ್ರಾಣಿ. ಆತಿಯಾ ಬೆರಳು ಒದ್ದೆ ಮಾಡಿ ಅದರ ಹೊಟ್ಟೆಗೆ ಉಜ್ಜಿ ಮೂಸಿದಳು. ಹಸಿ ಮಣ್ಣಿನ ವಾಸನೆಯಲ್ಲ. ಆಸ್ಪತ್ರೆಯ ಔಷಧಿ ಕಪಾಟು ತೆರೆದ ಹಾಗೆ. ಇನ್ನೊಂದರದ್ದೂ ಅದೇ. ಜೆಸಿಬಿ ಬರುವ ಮೊದಲಿನ ಹೊಲ, ವೆಂಕೋಬ ಸಾಯುವ ದಿನದ ಹೊಲ, ಈ ಮಾಡದೊಳಗೆ ಕುಂಕುಮ ಹಚ್ಚಿಕೊಂಡು ಕೂತಿತ್ತು!

"ಒಂದು ನನಗ ಕೊಡು. ತಾಯಪ್ಪನ ಕೇಸಿಗೆ ಬೇಕು."

"ಜೋಡಿ ಅಗಲಿಸಬಾರದ್ರಿ ಅಕ್ಕಾ."

"ಒಂದಽ ಒಂದು. ಇನ್ನೊಂದು ನಿನ್ನ ದೇವರಿಗಿರಲಿ."

ಯಾಕೆ ಬೇಕೆಂದು ಆತಿಯಾ ಬಿಡಿಸಿ ಹೇಳಲಿಲ್ಲ. ತಿಂಗಳಿಂದ ಪೂಜೆ ಮಾಡಿದ್ದು ಗಟಾರ ಗೊಬ್ಬರಕ್ಕೆ ಎಂದು ಆ ಹೆಂಗಸಿಗೆ ಯಾವ ಬಾಯಿಂದ ಹೇಳುವುದು? ಅಮರಮ್ಮ ಕೈಮುಗಿದಳು. ಆಮೇಲೆ ಚೆಲುವಾದ ಎತ್ತನ್ನು ಎತ್ತಿ ಹೊಸ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು.

"ಹೊರಗಿನ ಮಂದಿ ನೋಡೋದು. ಚಲೋದಽ ಒಯ್ರಿ."

* * *

ಹೈದರಾಬಾದಿನ ಲ್ಯಾಬಿನಲ್ಲಿ ಕೆಲಸ ಮಾಡುವ ಗುಲ್ಫಶಾಳ ಫೋನು ಬಂದಾಗ ಆತಿಯಾ ರಾಯಚೂರಿನ ತೀನ್ ಕಂದೀಲಿನ ಹೋಟೆಲಿನಲ್ಲಿ ಚಹಾದ ಮುಂದೆ ಕೂತಿದ್ದಳು. ಚಿಕ್ಕಮ್ಮನ ಮಗಳು, ಖುಷಿಯಾದಾಗ ಕಿರುಚುವ ಚಾಳಿ ಇನ್ನೂ ಬಿಟ್ಟಿರಲಿಲ್ಲ.

"ಆಪಾ! ನೀ ಕಳಿಸಿದ್ದು ಗಟಾರ ಗೊಬ್ಬರ ಅಂದಿಯಲ್ಲ? ಇದ್ರಾಗ ಹೇಲಽ ಇಲ್ಲ!"

ಪಕ್ಕದ ಮೇಜಿನ ಮೌಲ್ವಿ ಸಾಹೇಬರು ಬಿಸ್ಕತ್ತು ಅದ್ದುವುದನ್ನು ನಿಲ್ಲಿಸಿ ತಿರುಗಿ ನೋಡಿದರು.

"ಆಹಿಸ್ತಾ ಬೋಲ್ ಗೇ, ಮೆಲ್ಲಗ. ಏನಿಲ್ಲ ಅಂದಿ?"

"ಊರಽ ಇಲ್ಲ ಆಪಾ. ಒಂದು ಊರಿನ ಗಟಾರ ಅಂದ್ರ ಆ ಊರಿನ ಮಂದಿ ಅದರಾಗ ಇರಬೇಕು. ಮನುಷ್ಯಾರ ಕರುಳಿನ ಕೊಬ್ಬು ಇರಬೇಕು. ನುಂಗಿದ ಸಕ್ಕರಿ ಗುಳಗಿ, ಮೂರ್ಛಿ ಗುಳಗಿ, ಬಟ್ಟಿ ಸೋಪಿನ ಹೊಳಪು, ಎಲ್ಲಾ ಚೂರುಚೂರು ಉಳೀತಾವ. ಇದ್ರಾಗ ಒಂದೂ ಇಲ್ಲ. ನಿಮ್ಮ ರಾಯಚೂರಾಗ ಯಾರಿಗೂ ಸಕ್ಕರಿ ಕಾಯಿಲೆ ಇಲ್ಲೇನು?"

ಆತಿಯಾ ಸುತ್ತ ನೋಡಿದಳು. ಹೋಟೆಲಿನ ಅರ್ಧ ಜನ 'ಬಿನಾ ಶಕ್ಕರ್', ಸಕ್ಕರೆ ಇಲ್ಲದ ಚಹಾ ಹೇಳಿದ್ದರು.

"ಮತ್ತೇನದ?"

"ಔಷಧಿ ಕಾರ್ಖಾನಿ ಅದ. ಮಾತ್ರೆ ಅಲ್ಲ, ಮಾತ್ರೆ ಮಾಡೋ ಕಚ್ಚಾಮಾಲು. ತೊಳೆಯೋ ದ್ರಾವಕ, ನಂಜು ಕೊಲ್ಲೋ ಮದ್ದಿನ ಹುಡಿ. ಪ್ರಮಾಣ ಸಣ್ಣದು, ಖರೆ. ಸಣ್ಣದಂತ ಬಿಟ್ಟರ ಬೆಳಿಗೆ ಏರ್ತದ, ಬಾವಿಗೆ ಇಳೀತದ. ಮಣ್ಣಿನಾಗಿನ ಕ್ರಿಮಿ ದಿನಾ ಈಟೀಟು ಮದ್ದು ಕುಡದು ಬಲೀತಾವ. ನಾಳೆ ಮಂದಿಗೆ ಜ್ವರ ಬಂದಾಗ ಗುಳಗಿ ನುಂಗಿದ್ರ ಕೆಲಸ ಮಾಡಲ್ಲ."

"ಸರ್ಕಾರಿ ಲ್ಯಾಬಿನಾಗ ಇದು ಯಾಕ ಸಿಗಲಿಲ್ಲ?"

"ಮಣ್ಣು ಸರಿ ಇದ್ರೂ ಸಿಗತಿರಲಿಲ್ಲ ಆಪಾ. ಅವರು ಲೋಹ ನೋಡ್ತಾರ. ಇವುಗಳ ಹೆಸರು ಅವರ ಪಟ್ಟಿಯಾಗಽ ಇಲ್ಲ. ಕೇಳಲಾರದ್ದನ್ನ ಮಷೀನು ಹೇಳಲ್ಲ."

ಆತಿಯಾ ಚಹಾ ಬಿಟ್ಟು ಎದ್ದಳು. ಹೆಸರಿಲ್ಲದ ವಿಷ ವಿಷವಲ್ಲ. ಈ ದೇಶದಲ್ಲಿ ಹೆಸರಿಲ್ಲದ ಮನುಷ್ಯ ಮನುಷ್ಯನಲ್ಲದ ಹಾಗೆ. ಮಿತಿ, ಮಿತಿ, ಮಿತಿ! ಯಾರ ಮಿತಿ ಅದು? ಆ ಅಂಕಿಯನ್ನು ಕೂತು ಬರೆದವನು ಯಾವತ್ತಾದರೂ ಮಲ್ಲಟದ ಬಾವಿಯ ನೀರು ಕುಡಿದಿದ್ದನೇ?

ವೆಂಕೋಬ ಕಂಡಿದ್ದು ಏನೆಂದು ಈಗ ಹೊಳೆಯಿತು. ಪ್ಲಾಂಟಿನ ಕಟ್ಟೆಗಳಲ್ಲಿ ಊರ ಕೆಸರು ಇದ್ದಲ್ಲೇ ಇತ್ತು; ಮೊನ್ನೆ ಹೋದಾಗ ಅದರ ಮೇಲೆ ಹುಲ್ಲು ಬೆಳೆದದ್ದನ್ನು ಆಕೆಯೇ ನೋಡಿದ್ದಳು. ಹಾಗಾದರೆ ಸುಭಾಷನ ಟಿಪ್ಪರುಗಳು ಊರಿನ ಹೆಸರು ಹೇಳಿ ಹೊಲಗಳಿಗೆ ಸುರಿಯುತ್ತಿದ್ದದ್ದು ಬೇರೆಯೇ ಮಾಲು.

* * *

ದೇವದುರ್ಗದ ಹೊರಗೆ ಸುಭಾಷನ ಯಾರ್ಡು. ತಗಡಿನ ಶೆಡ್ಡು, ಎರಡು ಟಿಪ್ಪರು, ಹಿಂದೆ ಎತ್ತರದ ಹಸಿರು ಪರದೆ. ಪರದೆಯ ಆಚೆ ಏನಿದೆಯೆಂದು ಕಾಣುತ್ತಿರಲಿಲ್ಲ. ಸುಭಾಷ ಎದ್ದು ನಿಂತು ಕುರ್ಚಿ ಒರೆಸಿಕೊಟ್ಟ. ದನಿ ಎತ್ತದ, ನಗು ಮಾಸದ ಮನುಷ್ಯ.

"ಬರ್ರಿ ಮೇಡಂ, ಬರ್ರಿ. ಬಿಸಲಾಗ ಬಂದೀರಿ. ಅಂಬರೇಶಾ, ತಣ್ಣನ ನೀರು ತಗೊಂಡು ಬಾ."

"ನೀರು ಬ್ಯಾಡ. ಮಲ್ಲಟಕ್ಕ ಏನು ಸುರದಿ ಸುಭಾಷ?"

"ಗೊಬ್ಬರ್ರಿ. ಊರ ಗೊಬ್ಬರ. ಚಿನ್ನ ಅದು, ಚಿನ್ನ." ಶೆಡ್ಡಿನ ಬಾಗಿಲಲ್ಲಿದ್ದ ಬುಟ್ಟಿಗೆ ಕೈ ಹಾಕಿ, ಬರಿಗೈಯಲ್ಲೇ ಒಂದು ಮುಷ್ಟಿ ಕಪ್ಪು ಹೆಂಟೆ ತೆಗೆದು ಆಕೆಯ ಮುಂದೆ ಹಿಡಿದ. ಹಿಚುಕಿದ, ಮೂಸಿದ. "ನೋಡ್ರಿ. ವಿಷ ಇದ್ರ ನಾ ಹಿಂಗ ಹಿಡೀತಿದ್ನೇನು? ನಾವೂ ಅನ್ನ ಉಣ್ಣೋ ಮಂದಿ."

"ಇದು ಊರಿನದು. ಇದ್ರಾಗ ಊರಿನ ವಾಸನಿ ಅದ. ಮಲ್ಲಟದ್ದರಾಗ ಇರಲಿಲ್ಲ. ಟೆಸ್ಟ್ ಮಾಡಿಸೀನಿ. ಅದರಾಗ ಮನುಷ್ಯಾರ ಗುರುತಽ ಇಲ್ಲ."

ಸುಭಾಷ ಗಹಗಹಿಸಿ ನಕ್ಕ. "ಏ ಅಂಬರೇಶಾ, ಕೇಳಿದೇನಲೇ? ಗೊಬ್ಬರದಾಗ ಹೇಲು ಕಮ್ಮಿ ಬಿದ್ದದಂತ ಕಂಪ್ಲೇಂಟ್ ಬಂದದ! ಮೇಡಂ, ಹೇಲು ಅದ ಅಂತ ಬಯ್ಯೋರನ್ನ ನೋಡೀನಿ, ಇಲ್ಲಂತ ಬಯ್ಯೋರು ನೀವಽ ಮೊದಲು."

"ನಗು. ಔಷಧಿ ಕಾರ್ಖಾನಿ ಹೊಲಸು ಅದ ಅದರಾಗ."

"ಎಷ್ಟದ?"

"ಎಷ್ಟಾದರೇನು?"

"ಹಂಗಲ್ರಿ. ಎಷ್ಟದ ಹೇಳ್ರಿ. ಲೇಶ. ಹೌದಲ್ರಿ? ಲೇಶಂದ್ರ ಕೆರಿಯಾಗ ಒಂದು ಹನಿ. ನಿಮ್ಮ ಮನಿ ಅರಿಷಿಣ ಪುಡ್ಯಾಗ ಅದಕ್ಕಿಂತ ಜಾಸ್ತಿ ಇರ್ತದ. ಕಾನೂನಿನಾಗ ಅದರ ಹೆಸರದೇನು? ಇಲ್ಲ. ಮಿತಿ ಅದೇನು? ಇಲ್ಲ. ಇಲ್ಲದ ಮಿತಿ ನಾ ಹೆಂಗ ದಾಟ್ಲಿ?"

ಆತಿಯಾ ಅಧಿಕಾರಿಗಳ ಮೇಜಿನ ಮುಂದೆ, ಪೊಲೀಸ್ ಠಾಣೆಯಲ್ಲಿ, ಲ್ಯಾಬಿನ ಬಾಗಿಲಲ್ಲಿ, ತಿಂಗಳಿಡೀ ಇದೇ ಮಾತು ಬೇರೆ ಬೇರೆ ಬಾಯಿಂದ ಕೇಳಿದ್ದಳು. ಇವನು ಅದನ್ನು ಪಾಠ ಒಪ್ಪಿಸಿದಂತೆ ಒಪ್ಪಿಸುತ್ತಿದ್ದ.

"ಕೆರಿಯಾಗ ಒಂದು ಹನಿ. ದಿನಾ ಒಂದು ಹನಿ, ವರ್ಷಾನುಗಟ್ಲೆ. ಕೆರಿ ಯಾರದು? ತಾಯಪ್ಪಂದು. ಹನಿ ಯಾರದು? ನಿಂದು. ವೆಂಕೋಬ ಇದನ್ನಽ ಹೇಳಿದ್ದೇನು ನಿನಗ?"

ನಗು ಮಾಸಲಿಲ್ಲ. ಕೈ ಮಾತ್ರ ಹೆಂಟೆ ಹಿಚುಕುವುದನ್ನು ನಿಲ್ಲಿಸಿತು.

"ವೆಂಕೋಬ ಪಾಪ ಕಾಲು ಜಾರಿ ಬಿದ್ದಿರಬೇಕು ಅಂತ ನಾನೂ ಹೇಳೀನ್ರಿ ಪೊಲೀಸರಿಗೆ. ತಾಯಪ್ಪ ಹಂಥಾವ ಅಲ್ಲ. ಅಂದಂಗ ಮೇಡಂ, ಆ ಹೊಲದಾಗ ಈಗ ಕೆಮ್ಮಣ್ಣು ಅದ, ನೀರು ನಿಂತದ. ನಿಮಗ ಮಣ್ಣು ಎಲ್ಲಿ ಸಿಕ್ಕಿತು?"

ಇಲ್ಲಿ ಬಾಯಿ ಮುಚ್ಚಬೇಕಿತ್ತು. ಆತಿಯಾಗೆ ಗೊತ್ತಿತ್ತು. ಆದರೆ ಆ ನಗುವಿನ ಮೇಲೆ ಒಂದು ಗೀರಾದರೂ ಎಳೆಯಬೇಕೆನಿಸಿತು.

"ಜೆಸಿಬಿ ತಂದು ಹೊಲ ಕೆರದಿ. ದೇವರ ಮಾಡ ಕೆರೀಲಿಲ್ಲ ನೀನು. ಅಮಾಸಿ ಎತ್ತು ಆ ಹೊಲದ ಮಣ್ಣಿಂದಽ ಆಗಿದ್ದು."

"ಓಹೋ." ಸುಭಾಷ ಹೆಂಟೆಯನ್ನು ಬುಟ್ಟಿಗೆ ಹಾಕಿ ಕೈ ಝಾಡಿಸಿದ. "ಜೋಡೆತ್ತಲ್ರಿ ಮತ್ತ? ಎರಡೂ ಒಡದ್ರೇನು?"

"ಒಂದಽ ಸಾಕಾತು."

"ಒಂದಽ." ಅವನು ತಲೆಯಾಡಿಸಿದ. "ಅಂಬರೇಶಾ, ಮೇಡಂಗೆ ಚಹಾ ಹೇಳು. ಕುಡದಽ ಹೋಗಬೇಕ್ರಿ, ಹಂಗ ಕಳಸಂಗಿಲ್ಲ. ನನಗ ಒಂದು ಫೋನ್ ಮಾಡೋದದ."

ಪರದೆಯ ಹಿಂದೆ ಹೋದವನು ತಿರುಗಿ ಬರಲಿಲ್ಲ. ಚಹಾ ಬಂತು. ಆತಿಯಾ ಮುಟ್ಟದೆ ಎದ್ದಳು. ಹೊರಗೆ ಬಂದಾಗ ಅವನ ಬಿಳಿ ಕಾರು ನಿಂತಿದ್ದ ಜಾಗ ಖಾಲಿಯಾಗಿತ್ತು. ಹೆದರಿ ಓಡಿದ ಎಂದುಕೊಂಡಳು. ರಾಯಚೂರಿನ ಬಸ್ಸು ಹತ್ತುವಾಗ ಅವಳಿಗೆ ಒಂದಿಷ್ಟು ಹೆಮ್ಮೆಯೂ ಆಗಿತ್ತು.

* * *

"ಸೋಮವಾರ ಚಾರ್ಜ್‌ಶೀಟು," ಎಂದಳು, ಬಸ್ಸಿಳಿದು ನೇರ ಜೈಲಿಗೆ ಬಂದಿದ್ದ ಆತಿಯಾ, ಜಾಲರಿಯ ಈಚೆಯಿಂದ. "ಮಣ್ಣಿನಾಗ ವಿಷ ಅದ ಅಂತ ತೋರಿಸಬಹುದು. ಆದ್ರ ವೆಂಕೋಬ ನಿನ್ನ ಕಡಿ ಇದ್ದ, ನಿನ್ನ ಮನಿಗೆ ಬಂದಿದ್ದ ಅನ್ನೋದಕ್ಕ ಏನರ ಬೇಕು. ಯಾರರ ನೋಡ್ಯಾರೇನು? ಯೋಚನಿ ಮಾಡು."

ತಾಯಪ್ಪ ಸೊರಗಿದ್ದ. ಗಡ್ಡ ಕೆರೆದುಕೊಂಡ. "ಅಮಾಸಿ ದಿನ ಊರು ಮಂದಿ ಎಲ್ಲಾ ಹೊಲದಾಗ. ಆಕಿ ತವರಿಗೆ ಹೋಗಿದ್ಲು. ಯಾರೂ ನೋಡಿಲ್ರಿ ಅಕ್ಕಾ." ಆಮೇಲೆ ಮೆಲ್ಲಗೆ, "ಎತ್ತು ಒಯ್ದೀರಂತಲ್ಲ. ಯಾವುದು ಒಯ್ದ್ರಿ?"

"ಚಲೋದು. ನೀನು ಆ ಎತ್ತು ಗಟಾರ ಗೊಬ್ಬರದಾಗ ಯಾಕ ಮಾಡಿದಿ ಮಾರಾಯಾ?"

"ಹೊಲದ ಮಣ್ಣಿಲೇನಽ ಮಾಡಬೇಕಲ್ರಿ ಎತ್ತು. ಹೊಲಾನಽ ಅದಾಗಿತ್ತು. ಏನು ಮಾಡ್ಲಿ?"

ತಾಯಪ್ಪ ಜಾಲರಿಗೆ ಇನ್ನಷ್ಟು ಹತ್ತಿರ ಬಂದ.

"ಚಲೋದು ನಾ ಮಾಡಿದ್ದು," ಎಂದ ತಾಯಪ್ಪ. "ಇನ್ನೊಂದು ವೆಂಕೋಬ ಸಾರು ಮಾಡಿದ್ದು."

"ಏನು?"

"ಅವತ್ತು ಸಾರು ಒಂದು ಡಬ್ಬಿ ಕೆಸರು ತಂದಿದ್ರು. ದೇವದುರ್ಗದ ಯಾರ್ಡಿನಾಗ, ಹಸಿರು ಪರದೆ ಹಿಂದ ತೆಗ್ಗು ಅದಂತ, ಅಲ್ಲೀದು ಆ ಕೆಸರು. ನಾ ಎತ್ತು ಮಾಡಾಕತ್ತಿದ್ದೆ. ಅವರೂ ಕುಂತು, 'ಇನ್ನೊಂದು ನಾ ಮಾಡ್ತೀನಿ ತಾಯಪ್ಪಾ. ಇದನ್ನ ಪ್ಲಾಂಟಿನಾಗ ಇಟ್ಟರ ಮಾಯ ಮಾಡ್ತಾರ, ನಿನ್ನ ಮಾಡದಾಗ ಇಟ್ಟರ ಯಾರೂ ಮುಟ್ಟಲ್ಲ' ಅಂದ್ರು. ಬರಲಿಲ್ರಿ ಅವರಿಗೆ, ಕತ್ತಿ ಆತು. ನಕ್ಕೊಂತ ಡುಬ್ಬದ ಮ್ಯಾಲೆ ಹೆಬ್ಬೆಟ್ಟು ಒತ್ತಿದ್ರು. ಗೆರಿ ಗೆರಿ ಮೂಡಿತ್ತು."

ಒಣಗಿದ ಮಣ್ಣಿನಲ್ಲಿ ಸತ್ತವನ ಹೆಬ್ಬೆಟ್ಟು. ತಾಯಪ್ಪನ ಮನೆಯ ಮಾಡದೊಳಗೆ. ಇದಕ್ಕಿಂತ ದೊಡ್ಡ ಸಾಕ್ಷಿ ಯಾವ ಕೋರ್ಟಿಗೆ ಬೇಕು?

"ಇಷ್ಟು ದಿನ ಯಾಕ ಹೇಳಲಿಲ್ಲ ನೀನು!" ಕಾವಲಿನವನು ತಿರುಗಿ ನೋಡುವಷ್ಟು ಜೋರಾಗಿ ಕೂಗಿದಳು ಆತಿಯಾ.

"ಆಕಿಗೆ ಗೊತ್ತಾಗಬಾರದಂತ್ರಿ. ಸತ್ತವನ ಕೈಯಿಂದ ಆಗಿದ್ದು ಅಂತ ತಿಳದ್ರ ಅವತ್ತಽ ಹೊರಗ ಹಾಕ್ತಿದ್ಲು. ನೀವೂ ಯಾರು ಮಾಡ್ಯಾರಂತ ಕೇಳಲಿಲ್ಲ."

ಕೇಳಿದ್ದಳು. ಅಮರಮ್ಮನನ್ನು ಕೇಳಿದ್ದಳು. ಗೊತ್ತಿಲ್ಲದವಳನ್ನು ಕೇಳಿ ಬಂದಿದ್ದಳು.

ಗೇಟಿನಲ್ಲಿ ಒಪ್ಪಿಸಿದ್ದ ಫೋನು ಕಸಿದುಕೊಂಡವಳಂತೆ ತೆಗೆದುಕೊಂಡು ಆತಿಯಾ ರಸ್ತೆಗೆ ಓಡಿದಳು. ಮೊದಲ ಸಲ ಸಿಗ್ನಲ್ ಇಲ್ಲ. ಎರಡನೆಯ ಸಲ ಅಮರಮ್ಮ ಎತ್ತಿದಳು.

"ಅಮರಮ್ಮಾ, ಮಾಡದಾಗಿನ ಎತ್ತು ಯಾರಿಗೂ ಕೊಡಬ್ಯಾಡ. ಬಾಗಲಾ ಹಾಕ್ಕೊಂಡು ಒಳಗಿರು. ನಾ ಬರಾಕತ್ತೀನಿ."

"ಅಕ್ಕಾ, ನೀವಽ ಕಳಿಸಿದ್ರಂತಲ್ರಿ?"

"ಯಾರನ್ನ?"

"ಸುಭಾಷಣ್ಣ ಬಂದಿದ್ದ, ಬಿಳಿ ಕಾರಿನಾಗ. ಈಗರ ಹೋದ. 'ಒಂಟಿ ಎತ್ತು ಮನ್ಯಾಗ ಇಟ್ಕೋಬಾರದವ್ವ, ಗಂಡ ಹೊರಗ ಬರಲ್ಲ. ಅಕ್ಕನ ಹಂತೇಲಿದ್ದಿದ್ದೂ ತಂದೀನಿ, ಜೋಡಿ ಕೂಡಿಸಿ ಚೀಕಲಪರ್ವಿ ಹೊಳ್ಯಾಗ ಬಿಡ್ತೀನಿ' ಅಂದ. ನನಗೂ ಅದಽ ಹತ್ತಿತ್ರಿ ಮನಸಿಗೆ, ಜೋಡಿ ಅಗಲಿಸಿದಾಗಿಂದ. ಕೊಟ್ಟುಬಿಟ್ಟೆ."

ಆತಿಯಾ ಮೊಬೈಲನ್ನು ಕಿವಿಗೆ ಒತ್ತಿ ಹಿಡಿದೇ ಆಟೊಗೆ ಕೈ ಮಾಡಿದಳು. ಚೀಕಲಪರ್ವಿಯ ದಡಕ್ಕೆ ಮಲ್ಲಟದಿಂದ ಎಷ್ಟು ಹೊತ್ತು? ತುಂಗಭದ್ರೆಯಲ್ಲಿ ಈಗ ನೀರು ತುಂಬಿತ್ತು. ಸುಡದ ಮಣ್ಣಿನ ಎತ್ತು ಕರಗಲು ಎಷ್ಟು ಹೊತ್ತು?

"ಅಕ್ಕಾ, ಕೇಳಾಕತ್ತೀರೇನ್ರಿ?" ಅಮರಮ್ಮನ ದನಿ ಸಣ್ಣಗಾಗಿತ್ತು. "ಒಂದು ಮಾತು ಕೇಳ್ತೀನಿ. ದೇವರ ಎತ್ತು ಮುಟ್ಟಾಕ ಮೊದ್ಲು ಆತ ಎರಡೂ ಕೈಗೆ ರಬ್ಬರಿನ ಚೀಲ ಏರಿಸಿಕೊಂಡ. ಮೂಗಿಗೂ ಕಟ್ಟಿಕೊಂಡ. ಉಸುರು ಹಿಡದು ಒಯ್ದ."

"ಹೂಂ."

"ನಾ ತಿಂಗಳಿಂದ ದಿನಾ ಬರೇ ಕೈಲೆ ಮುಟ್ಟಿ, ಕುಂಕುಮ ಹಚ್ಚಿ, ಅದಽ ಕೈಲೆ ರೊಟ್ಟಿ ಬಡೀತೀನಲ್ರಿ. ಆ ಎತ್ತಿನಾಗ ಏನಿತ್ರಿ ಅಕ್ಕಾ? ನನಗ್ಯಾಕ ಯಾರೂ ಹೇಳಲಿಲ್ಲ?"